ಹೊಸ ಫೋನ್ ತಂದ ದಿನವೇ ಹಳೇದನ್ನು ಕೊಟ್ಟುಬಿಡಬೇಡಿ: ನಿಮ್ಮ ಡೇಟಾ ಕಾಪಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ದೇವರಾಜ ಅರಸ್ ರಸ್ತೆಯ ಮೊಬೈಲ್ ಅಂಗಡಿಗಳ ಮುಂದೆ ಎಕ್ಸ್‌ಚೇಂಜ್ ಆಫರ್ ಬೋರ್ಡುಗಳು ಏಳುತ್ತವೆ. ಮಂಡ್ಯದಲ್ಲೂ ಅಷ್ಟೇ. ಹಳೇ ಫೋನ್ ಕೊಡಿ, ಹೊಸದರ ಬೆಲೆಯಲ್ಲಿ ಇಷ್ಟು ಕಳೆಯುತ್ತೇವೆ ಅಂತ ಕರೆಯುತ್ತಾರೆ. ಕೌಂಟರಿನ ಹುಡುಗ ಸಿಮ್ ತೆಗೆದು ಹೊಸದಕ್ಕೆ ಹಾಕುತ್ತಾನೆ. ಫೋಟೊ, ನಂಬರ್ ಎಲ್ಲ ಕಾಪಿ ಮಾಡಿಕೊಡುತ್ತಾನೆ. ಹಳೇ ಫೋನ್ ಅವರ ಡ್ರಾಯರ್ ಸೇರುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತದೆ.

ಆ ಫೋನಿನೊಳಗೆ ಏನೇನಿತ್ತು ಅಂತ ಒಂದು ನಿಮಿಷ ಯೋಚಿಸಿ. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೋಟೊ. ಜಮೀನಿನ ಪಹಣಿ. ಮಕ್ಕಳ ಮಾರ್ಕ್ಸ್ ಕಾರ್ಡ್. ಅಪ್ಪನ ಆಸ್ಪತ್ರೆ ರಿಪೋರ್ಟ್. ಮನೆಯ ಹೆಣ್ಣುಮಕ್ಕಳ ಫೋಟೊ. ಬ್ಯಾಂಕಿನ ಮೆಸೇಜು. ಇಷ್ಟನ್ನೂ ಗುರುತಿಲ್ಲದವರ ಕೈಗೆ ಕೊಟ್ಟು ಬರುತ್ತೇವೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಫೋನ್ ಅಲ್ಲಿಂದ ಎಲ್ಲಿಗೆ ಹೋಗುತ್ತೆ, ಎಷ್ಟು ಕೈ ದಾಟುತ್ತೆ ಅನ್ನೋದು ಅವರಿಗೂ ಗೊತ್ತಿರುವುದಿಲ್ಲ.

ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಹೊಸ ಫೋನ್ ತರುವ ದಿನ ಬೇರೆ ಇರಲಿ, ಹಳೇದನ್ನು ಕೊಡುವ ದಿನ ಬೇರೆ ಇರಲಿ. ನಡುವೆ ಕನಿಷ್ಠ ಒಂದು ವಾರ ಎರಡೂ ಫೋನ್ ನಿಮ್ಮ ಮನೆಯಲ್ಲೇ ಇರಬೇಕು. ಹಳೇದನ್ನು ಆಮೇಲೆ ಬೇರೆಯಾಗಿ ಮಾರಿದರೆ ಸ್ವಲ್ಪ ಕಡಿಮೆ ದುಡ್ಡು ಸಿಗಬಹುದು. ಸಿಗಲಿ ಬಿಡಿ. ಆ ವ್ಯತ್ಯಾಸಕ್ಕಿಂತ ನಿಮ್ಮ ನೆಮ್ಮದಿ ಜಾಸ್ತಿ ಬೆಲೆಯದ್ದು.

ಆನ್‌ಲೈನ್‌ನಲ್ಲಿ ಎಕ್ಸ್‌ಚೇಂಜ್ ಹಾಕಿದರೆ ಈ ಒಂದು ವಾರ ಸಿಗುವುದಿಲ್ಲ. ಹೊಸ ಫೋನ್ ತಂದವರೇ ಬಾಗಿಲಲ್ಲಿ ನಿಂತು ಹಳೇದನ್ನು ಪರೀಕ್ಷಿಸಿ ತೆಗೆದುಕೊಂಡು ಹೋಗುತ್ತಾರೆ. ಎಕ್ಸ್‌ಚೇಂಜ್ ಬೇಕೇ ಬೇಕು ಅಂದರೆ, ಕೆಳಗೆ ಹೇಳುವ ಬ್ಯಾಕಪ್ ಕೆಲಸವನ್ನೆಲ್ಲ ಡೆಲಿವರಿಗೆ ಮೊದಲೇ ಮುಗಿಸಿ. ಬ್ಯಾಕಪ್ ನಿಜವಾಗಿಯೂ ಇದೆಯಾ ಅಂತ ಮನೆಯ ಇನ್ನೊಂದು ಫೋನಿನಲ್ಲೋ ಕಂಪ್ಯೂಟರಿನಲ್ಲೋ ತೆರೆದು ನೋಡಿ. ಗೂಗಲ್ ಖಾತೆಗೆ ಆ ಇನ್ನೊಂದು ಕಡೆಯಿಂದ ಲಾಗಿನ್ ಆಗಲು ಬರುತ್ತಾ ಅನ್ನೋದೂ ಖಚಿತವಾಗಲಿ. ಆಮೇಲೆ ರೀಸೆಟ್ ಮಾಡಿ (ಅಂದರೆ ಒಳಗಿದ್ದದ್ದೆಲ್ಲ ಅಳಿಸಿ) ಕೊಡಿ.

ಅಂಗಡಿಗೆ ಹೋಗುವ ಮೊದಲು

ಮೊದಲ ಪ್ರಶ್ನೆ: ನಿಮ್ಮ ಫೋನಿನಲ್ಲಿರುವ ಜಿಮೇಲ್ ಐಡಿ ಯಾವುದು? ಅದರ ಪಾಸ್‌ವರ್ಡ್ ನಿಮಗೆ ಗೊತ್ತಾ?

ನಮ್ಮ ಕಡೆ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಫೋನ್ ಕೊಂಡಾಗ ಅಂಗಡಿಯವರೇ ಒಂದು ಜಿಮೇಲ್ ಮಾಡಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಅವರೇ ಹಾಕಿರುತ್ತಾರೆ. ಹೊಸ ಫೋನ್ ಬಂದಾಗ ಇನ್ನೊಂದು ಅಂಗಡಿಯವರು ಇನ್ನೊಂದು ಜಿಮೇಲ್ ಮಾಡುತ್ತಾರೆ. ಹಳೇ ಖಾತೆಯಲ್ಲಿದ್ದ ನಂಬರು, ಫೋಟೊ ಅಲ್ಲೇ ಉಳಿಯುತ್ತವೆ, ಅದರ ಕೀ ಇನ್ನೊಬ್ಬರ ಹತ್ತಿರ ಇರುತ್ತದೆ. ಹಾಗಾಗಿ ಈಗಲೇ ಸೆಟ್ಟಿಂಗ್ಸ್ ತೆರೆದು 'ಗೂಗಲ್' ಅನ್ನೋದನ್ನು ಒತ್ತಿ. ಮೇಲ್ಗಡೆ ನಿಮ್ಮ ಇಮೇಲ್ ಕಾಣಿಸುತ್ತದೆ. ಬರೆದಿಟ್ಟುಕೊಳ್ಳಿ. ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ. ರಿಕವರಿ ಫೋನ್ ನಂಬರ್ ಈಗ ನೀವು ಬಳಸುತ್ತಿರುವುದೇ ಆಗಿದೆಯಾ ನೋಡಿ.

ಟೂ-ಸ್ಟೆಪ್ ವೆರಿಫಿಕೇಷನ್ (ಪಾಸ್‌ವರ್ಡ್ ಆದ ಮೇಲೂ ಇನ್ನೊಂದು ಸಲ ಗುರುತು ಕೇಳುವ ವ್ಯವಸ್ಥೆ) ಹಾಕಿಕೊಂಡಿದ್ದರೆ ಇನ್ನೊಂದು ಮುಖ್ಯ ಕೆಲಸವಿದೆ. ಹೊಸ ಫೋನಿನಲ್ಲಿ ಲಾಗಿನ್ ಆಗುವಾಗ 'ಇದು ನೀವೇನಾ?' ಅನ್ನೋ ಪ್ರಶ್ನೆ ಹಳೇ ಫೋನಿಗೇ ಬರಬಹುದು. ಅದನ್ನು ಮೊದಲೇ ಅಳಿಸಿ ಕೊಟ್ಟುಬಿಟ್ಟರೆ ನಿಮ್ಮ ಖಾತೆಯ ಹೊರಗೆ ನೀವೇ ನಿಂತಿರುತ್ತೀರಿ. ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ. ಒಂದೊಂದೂ 8 ಅಂಕಿಯದು, ಒಂದನ್ನು ಒಂದೇ ಸಲ ಬಳಸಬಹುದು. ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಲಾಗಿನ್ ಕೋಡ್ ತೋರಿಸುವ ಗೂಗಲ್ ಆಥೆಂಟಿಕೇಟರ್ ಆ್ಯಪ್ ಬಳಸುವವರು ಅದರಲ್ಲೇ ಇರುವ 'ಟ್ರಾನ್ಸ್‌ಫರ್ ಅಕೌಂಟ್ಸ್' ಬಳಸಿ ಕ್ಯೂಆರ್ ಕೋಡ್ ಮೂಲಕ ಹೊಸ ಫೋನಿಗೆ ಸಾಗಿಸಬೇಕು.

ಇನ್ನು ನಂಬರುಗಳು. ಕಾಂಟ್ಯಾಕ್ಟ್ ಮೂರು ಜಾಗದಲ್ಲಿರಬಹುದು: ಸಿಮ್‌ನಲ್ಲಿ, ಫೋನಿನಲ್ಲಿ, ಗೂಗಲ್ ಖಾತೆಯಲ್ಲಿ. ಫೋನಿನಲ್ಲಿ ಮಾತ್ರ ಇರುವುದು ಫೋನಿನ ಜೊತೆಗೇ ಹೋಗುತ್ತದೆ. ಕಾಂಟ್ಯಾಕ್ಟ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿ.

ಫೋಟೊ ವಿಷಯದಲ್ಲಿ ಜಾಗದ ಲೆಕ್ಕ ನೆನಪಿರಲಿ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೊಸ್ ಮೂರೂ ಅದರೊಳಗೇ. 2021ರ ಜೂನ್ 1ರ ತನಕ ಸ್ವಲ್ಪ ಕಡಿಮೆ ಗುಣಮಟ್ಟದ ಫೋಟೊಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತವೆ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ ಸೇರುತ್ತದೆ. ಆ್ಯಪಲ್‌ನ ಐಕ್ಲೌಡ್‌ನಲ್ಲಿ ಪುಕ್ಕಟೆ ಸಿಗುವುದು 5 ಜಿಬಿ ಮಾತ್ರ. ಜಾಗ ತುಂಬಿದ್ದರೆ ಬ್ಯಾಕಪ್ ಸದ್ದಿಲ್ಲದೆ ನಿಂತಿರುತ್ತದೆ. ಫೋಟೊಸ್ ಆ್ಯಪ್ ತೆರೆದು 'ಬ್ಯಾಕಪ್ ಕಂಪ್ಲೀಟ್' ಅಂತ ಇದೆಯಾ ಕಣ್ಣಾರೆ ನೋಡಿ. ಮದುವೆ ಫೋಟೊ, ತೀರಿಕೊಂಡವರ ಫೋಟೊ ಇಂಥವನ್ನು ಒಂದು ಪೆನ್‌ಡ್ರೈವ್‌ಗೋ ಕಂಪ್ಯೂಟರಿಗೋ ಬೇರೆಯಾಗಿ ಹಾಕಿಡಿ. ಕಳೆದುಹೋದ ಆಧಾರ್ ಕಾರ್ಡನ್ನು ಮತ್ತೆ ಮಾಡಿಸಬಹುದು, ಅಜ್ಜಿಯ ಕೊನೆಯ ವಿಡಿಯೊ ಮತ್ತೆ ಸಿಗುವುದಿಲ್ಲ.

ಯುಪಿಐ ಲೈಟ್ ಬಳಸುತ್ತಿದ್ದರೆ ಅದನ್ನು ಮರೆಯಬೇಡಿ. ಪಿನ್ ಹಾಕದೆ ಸಣ್ಣ ಮೊತ್ತ ಕಟ್ಟಲು ಅದರಲ್ಲಿ ನೀವು ತುಂಬಿಟ್ಟ ದುಡ್ಡು ಆ ಫೋನಿಗೇ ಅಂಟಿಕೊಂಡಿರುತ್ತದೆ. ಹೊಸ ಫೋನಿಗೆ ತಾನಾಗಿ ಬರುವುದಿಲ್ಲ. ಹಳೇ ಫೋನಿನಲ್ಲಿ ಯುಪಿಐ ಲೈಟ್ ಬಂದ್ ಮಾಡಿ. ಉಳಿದ ಹಣ ಬ್ಯಾಂಕ್ ಖಾತೆಗೆ ವಾಪಸ್ ಬಂದಿದ್ದನ್ನು ನೋಡಿಕೊಂಡು ಮುಂದಿನ ಕೆಲಸಕ್ಕೆ ಹೋಗಿ.

ಅಂಗಡಿಯಲ್ಲಿ

ಇಲ್ಲಿ ನಿಮ್ಮ ಕೆಲಸ ಕಡಿಮೆ. ಡಬ್ಬಿ ಸೀಲ್ ಇರಬೇಕು. ಫೋನ್ ಆನ್ ಮಾಡಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್ ಕಾಣುತ್ತದೆ. ಡಬ್ಬಿಯ ಮೇಲೆ, ಬಿಲ್ಲಿನ ಮೇಲೆ ಅದೇ ನಂಬರ್ ಇದೆಯಾ ತಾಳೆ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಫೋನ್ ಅಸಲಿಯೋ ಅಲ್ವೋ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಇದನ್ನು ಮಾಡದೆ ದುಡ್ಡು ಕೊಡಬೇಡಿ.

'ಕೊಡಿ ಸಾರ್, ಎಲ್ಲ ನಾವೇ ಸೆಟ್ ಮಾಡಿಕೊಡ್ತೀವಿ' ಅಂದಾಗ 'ಬೇಡಪ್ಪ, ಮನೇಲಿ ಮಾಡ್ಕೋತೀವಿ' ಅಂದುಬಿಡಿ. ಸಂಕೋಚ ಬೇಡ. ನಿಮ್ಮ ಸ್ಕ್ರೀನ್ ಲಾಕ್, ಜಿಮೇಲ್ ಪಾಸ್‌ವರ್ಡ್, ಓಟಿಪಿ ಯಾವುದನ್ನೂ ಕೌಂಟರಿನಲ್ಲಿ ಹೇಳುವ ಅಗತ್ಯವೇ ಇಲ್ಲ. ಕಾಪಿ ಮಾಡಲು ಅವರ ಕಂಪ್ಯೂಟರಿಗೆ ನಿಮ್ಮ ಫೋನ್ ಚುಚ್ಚಲು ಬಿಡಬೇಡಿ. ಒಂದು ಪ್ರತಿ ಅಲ್ಲೇ ಉಳಿದರೆ ನಿಮಗೆ ತಿಳಿಯುವುದೂ ಇಲ್ಲ. ಶೇರ್‌ಇಟ್, ಕ್ಸೆಂಡರ್ ಥರದ ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲೇ ನಿಷೇಧಿಸಿದೆ. ಯಾರಾದರೂ ಅದರ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ಹಾಕುವ ಆ್ಯಪ್ ಫೈಲ್) ಹಾಕಿಕೊಡುತ್ತೇನೆ ಅಂದರೂ ಬೇಡ ಅನ್ನಿ.

ಮನೆಯಲ್ಲಿ ಸಾಗಿಸುವುದು

ನಿಮ್ಮ ಮನೆಯ ವೈಫೈ ಅಥವಾ ಮನೆಯವರ ಹಾಟ್‌ಸ್ಪಾಟ್ ಸಾಕು. ಬಸ್ ಸ್ಟ್ಯಾಂಡಿನ, ಹೋಟೆಲಿನ ಪುಕ್ಕಟೆ ವೈಫೈ ಬೇಡ. ಎರಡೂ ಫೋನನ್ನು ಚಾರ್ಜಿಗೆ ಹಾಕಿ. ಹೊಸ ಫೋನಿನಲ್ಲಿ ಮೊದಲು ಸ್ಕ್ರೀನ್ ಲಾಕ್ ಹಾಕಿ, ನಾಲ್ಕಂಕಿಗಿಂತ ಆರಂಕಿಯ ಪಿನ್ ವಾಸಿ. ಹುಟ್ಟಿದ ವರ್ಷ, ಗಾಡಿ ನಂಬರ್ ಬೇಡ. ಅಪ್‌ಡೇಟ್ ಇದ್ದರೆ ಮಾಡಿಕೊಳ್ಳಿ.

ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹೋಗುವವರಿಗೆ ಫೋನ್ ಶುರುವಾಗುವಾಗಲೇ 'ಹಳೇ ಫೋನಿನಿಂದ ಕಾಪಿ ಮಾಡಲಾ' ಅಂತ ಕೇಳುತ್ತದೆ. ಸ್ಯಾಮ್‌ಸಂಗ್‌ನವರಿಗೆ ಸ್ಮಾರ್ಟ್ ಸ್ವಿಚ್, ವಿವೊದವರಿಗೆ ಈಸಿಶೇರ್ ಹೀಗೆ ಕಂಪನಿಯದೇ ಆ್ಯಪ್ ಇವೆ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುವವರು ಆ್ಯಪಲ್‌ನ 'ಮೂವ್ ಟು ಐಓಎಸ್' ಬಳಸಬೇಕು. ಇದನ್ನು ಐಫೋನ್ ಮೊದಲ ಸಲ ಸೆಟ್ ಮಾಡುವಾಗಲೇ ಮಾಡಿ. ಐಫೋನ್‌ನಿಂದ ಐಫೋನ್‌ಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕ್ವಿಕ್ ಸ್ಟಾರ್ಟ್ ತಾನೇ ಬರುತ್ತದೆ.

ಕಾಪಿ ಮಾಡುವಾಗ ಎಲ್ಲವನ್ನೂ ಕಣ್ಣು ಮುಚ್ಚಿ ತರಬೇಡಿ. ಯಾವಾಗಲೋ ಹಾಕಿಕೊಂಡ ಸಾಲದ ಆ್ಯಪ್, ಯಾರೋ ಕಳಿಸಿದ ಆಟದ ಆ್ಯಪ್ ಹೊಸ ಫೋನಿಗೆ ಯಾಕೆ? ಆ್ಯಪ್ ಪಟ್ಟಿಯಲ್ಲಿ ಅವುಗಳ ಟಿಕ್ ತೆಗೆಯಿರಿ. ಉಳಿದವು ಕಾಂಟ್ಯಾಕ್ಟ್, ಎಸ್‌ಎಂಎಸ್, ಲೊಕೇಷನ್ ಅನುಮತಿ ಕೇಳಿದಾಗ, ಈ ಆ್ಯಪ್‌ಗೆ ಇದು ಬೇಕಾ ಅಂತ ಯೋಚಿಸಿ ಒತ್ತಿ. ಟಾರ್ಚ್ ಆ್ಯಪ್‌ಗೆ ನಿಮ್ಮ ನೆಂಟರಿಷ್ಟರ ನಂಬರ್ ಬೇಕಿಲ್ಲ.

ವಾಟ್ಸಾಪ್

ಜನಕ್ಕೆ ಜಾಸ್ತಿ ಭಯ ಇರುವುದು ಇದರದ್ದೇ. ದಾರಿ ಎರಡಿವೆ.

ಒಂದು, ಕ್ಯೂಆರ್ ಕೋಡ್. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ, ಐಫೋನ್‌ನಿಂದ ಐಫೋನ್‌ಗೆ 2023ರಿಂದ ಈ ಸೌಲಭ್ಯ ಇದೆ. ಹಳೇ ಫೋನಿನ ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಅಂತ ಹೋಗಿ. ಹೊಸದರಲ್ಲಿ ಅದೇ ನಂಬರ್ ಹಾಕಿ ಮುಂದುವರಿದಾಗ ಬರುವ ಕೋಡನ್ನು ಹಳೇದರಿಂದ ಸ್ಕ್ಯಾನ್ ಮಾಡಿ. ಚಾಟ್‌ಗಳು ನೇರವಾಗಿ ಆ ಫೋನಿನಿಂದ ಈ ಫೋನಿಗೆ ಹೋಗುತ್ತವೆ, ನಡುವೆ ಯಾವ ಕ್ಲೌಡ್ (ಇಂಟರ್‌ನೆಟ್‌ನಲ್ಲಿರುವ ಸಂಗ್ರಹ) ಕೂಡ ಇಲ್ಲ. ನನಗೆ ಇದೇ ಇಷ್ಟ.

ಇನ್ನೊಂದು, ಗೂಗಲ್ ಖಾತೆಯ ಬ್ಯಾಕಪ್. ಚಾಟ್ ಬ್ಯಾಕಪ್‌ನಲ್ಲಿ 'ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್' ಅನ್ನೋದನ್ನು ಆನ್ ಮಾಡಿಕೊಳ್ಳಿ, ಅಂದರೆ ನೀವಿಟ್ಟ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಬ್ಯಾಕಪ್. ಅದು ಆನ್ ಇಲ್ಲದಿದ್ದರೆ ನಿಮ್ಮ ಗೂಗಲ್ ಖಾತೆ ಇನ್ನೊಬ್ಬರ ಕೈಗೆ ಸಿಕ್ಕಾಗ ಆ ಬ್ಯಾಕಪ್‌ಗೆ ಈ ಕಾವಲು ಇರುವುದಿಲ್ಲ. ಆದರೆ ಇದರ ಪಾಸ್‌ವರ್ಡ್ ಮರೆತರೆ ವಾಟ್ಸಾಪ್ ಕಂಪನಿಯೂ ತೆಗೆದುಕೊಡಲು ಆಗುವುದಿಲ್ಲ. ಬರೆದಿಡಿ.

ಹೊಸ ಫೋನಿನಲ್ಲಿ ಶುರುವಾದ ಮೇಲೆ ಎರಡು ಕೆಲಸ. ಟೂ-ಸ್ಟೆಪ್ ವೆರಿಫಿಕೇಷನ್‌ನಲ್ಲಿ 6 ಅಂಕಿಯ ಪಿನ್ ಹಾಕಿ. ಆಮೇಲೆ 'ಲಿಂಕ್ಡ್ ಡಿವೈಸಸ್' ತೆರೆದು ಗುರುತಿಲ್ಲದ ಎಲ್ಲದರಿಂದ ಲಾಗೌಟ್ ಆಗಿ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದವರು ಇದನ್ನು ಖಂಡಿತ ನೋಡಲೇಬೇಕು.

ಒಂದು ತಪ್ಪು ತಿಳಿವಳಿಕೆ ಇದೆ. ಹೊಸದರಲ್ಲಿ ವಾಟ್ಸಾಪ್ ಶುರುವಾದರೆ ಹಳೇದರಲ್ಲಿ ಲಾಗೌಟ್ ಆಗುತ್ತಲ್ಲ, ಇನ್ನೇನು ಭಯ ಅಂದುಕೊಳ್ಳುತ್ತಾರೆ. ಲಾಗೌಟ್ ಆದರೂ ಬಂದ ಫೋಟೊ, ವಿಡಿಯೊ, ಪಿಡಿಎಫ್ ಎಲ್ಲ ಹಳೇ ಫೋನಿನ ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತವೆ.

ಬ್ಯಾಂಕ್ ಮತ್ತು ಯುಪಿಐ

ಯುಪಿಐ ಆ್ಯಪ್‌ಗಳು ಸಿಮ್ ಮತ್ತು ಫೋನು ಎರಡನ್ನೂ ಜೋಡಿಸಿ ಗುರುತು ಹಿಡಿಯುತ್ತವೆ. ಹೊಸ ಫೋನಿಗೆ ಸಿಮ್ ಹಾಕಿ ಆ್ಯಪ್ ತೆರೆದಾಗ ಅದು ಆ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಕಳಿಸಿ ಖಚಿತಪಡಿಸಿಕೊಳ್ಳುತ್ತದೆ. ಸಿಮ್‌ನಲ್ಲಿ ಎಸ್‌ಎಂಎಸ್ ಹೋಗುವಷ್ಟು ಬ್ಯಾಲೆನ್ಸ್ ಇರಲಿ. ನಿಮ್ಮ ಯುಪಿಐ ಪಿನ್ ಬ್ಯಾಂಕ್ ಖಾತೆಗೆ ಸೇರಿದ್ದು, ಹಳೇ ಪಿನ್ನೇ ನಡೆಯುತ್ತದೆ.

ಹೊಸ ಫೋನಿನಲ್ಲಿ ನೋಂದಣಿಯಾದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಜಾಸ್ತಿ ಕಳಿಸಲು ಆಗುವುದಿಲ್ಲ. ಐಫೋನಿನಲ್ಲಿ ಈ ಮಿತಿ ಇನ್ನೂ ಹೆಚ್ಚು ಹೊತ್ತು ಇರಬಹುದು. ಇದು ಮೋಸ ತಡೆಯಲು ಇರುವ ವ್ಯವಸ್ಥೆ, ಆ್ಯಪ್ ಕೆಟ್ಟಿಲ್ಲ. ನಾಟಿ ಕೂಲಿ ಕೊಡುವ ದಿನ, ಕಾಲೇಜು ಫೀಸಿನ ಕೊನೇ ದಿನ ಫೋನ್ ಬದಲಾಯಿಸಲು ಹೋಗಬೇಡಿ.

ಇನ್ನೊಂದು ಗಮನಿಸಿ. ಇದ್ದ ಸಿಮ್ಮನ್ನೇ ತೆಗೆದು ಹೊಸ ಫೋನಿಗೆ ಹಾಕಿದರೆ ತೊಂದರೆಯಿಲ್ಲ. ಆದರೆ ಸಿಮ್ಮನ್ನೇ ಬದಲಾಯಿಸಿದರೆ, ಹೊಸ ಕಾರ್ಡ್ ತೆಗೆದುಕೊಂಡರೆ ಅಥವಾ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಸಿದರೆ, 24 ಗಂಟೆ ಎಸ್‌ಎಂಎಸ್ ನಿಂತಿರುತ್ತದೆ. ಓಟಿಪಿ ಬರುವುದಿಲ್ಲ. ಅದಕ್ಕೆ ಸಿಮ್ ಬದಲಾವಣೆ ಒಂದು ದಿನ, ಬ್ಯಾಂಕ್ ಆ್ಯಪ್ ಕೆಲಸ ಇನ್ನೊಂದು ದಿನ ಇಟ್ಟುಕೊಳ್ಳಿ. 'ಇ-ಸಿಮ್ ಮಾಡಿಕೊಡ್ತೀವಿ, ಬಂದ ಕೋಡ್ ಹೇಳಿ' ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಕೋಡ್ ಕೊಟ್ಟರೆ ನಿಮ್ಮ ನಂಬರೇ ಅವರ ಫೋನಿಗೆ ಹೋಗುತ್ತದೆ.

ಫೋನಿನ ಜೊತೆ ನಂಬರನ್ನೂ ಬಿಟ್ಟುಬಿಡುವವರು ಬ್ಯಾಂಕ್, ಆಧಾರ್, ಗೂಗಲ್ ಎಲ್ಲ ಕಡೆ ಹೊಸ ನಂಬರ್ ಸೇರಿಸಿದ ಮೇಲೇ ಹಳೇದನ್ನು ಬಿಡಿ. ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಹೋಗಬಹುದು. ನಿಮ್ಮ ಓಟಿಪಿ ಅವರಿಗೆ ಹೋಗುತ್ತೆ.

ಒಂದು ವಾರ ಕಾಯುವುದು ಯಾಕೆ

ಮೊದಲ ದಿನ ಎಲ್ಲ ಬಂದಿದೆ ಅನ್ನಿಸುತ್ತದೆ. ಮೂರನೇ ದಿನ ಹಾಲಿನ ಡೇರಿಯವರ ನಂಬರ್ ಇಲ್ಲ ಅಂತ ಗೊತ್ತಾಗುತ್ತದೆ. ಐದನೇ ದಿನ ವಿಮೆ ಆ್ಯಪ್ ತೆರೆಯುವುದಿಲ್ಲ. ನೋಟ್ಸ್‌ನಲ್ಲಿ ಬರೆದಿಟ್ಟದ್ದು, ಕಾಲ್ ರೆಕಾರ್ಡಿಂಗ್, ಡೌನ್‌ಲೋಡ್ ಫೋಲ್ಡರಿನ ಪಿಡಿಎಫ್ ಇವು ಬಿಟ್ಟುಹೋಗುವುದೇ ಜಾಸ್ತಿ. ಆ ವಾರದಲ್ಲಿ ಹಳೇ ಫೋನನ್ನು ಸಿಮ್ ಇಲ್ಲದೆ, ಲಾಕ್ ಹಾಕಿ, ಮನೆಯ ವೈಫೈನಲ್ಲಿ ಇಟ್ಟುಕೊಳ್ಳಿ. ಗ್ಯಾಲರಿಯ ಆಧಾರ್, ಡಿಎಲ್ ಫೋಟೊಗಳ ಬದಲು ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್‌ಗೆ ತಂದುಕೊಳ್ಳಲು ಇದೇ ಸರಿಯಾದ ಸಮಯ.

ಅಳಿಸುವ ಸರಿಯಾದ ಕ್ರಮ

ಇಲ್ಲಿ ಅತಿ ದೊಡ್ಡ ಅಪಾಯ ಒಂದಿದೆ. ದಯವಿಟ್ಟು ಗಮನವಿಟ್ಟು ಓದಿ. ಹಳೇ ಫೋನಿನ ಫೋಟೊಗಳನ್ನು, ನಂಬರುಗಳನ್ನು ಒಂದೊಂದಾಗಿ ಡಿಲೀಟ್ ಮಾಡಲು ಹೋಗಬೇಡಿ. ಗೂಗಲ್ ಖಾತೆ ಇನ್ನೂ ಆ ಫೋನಿನಲ್ಲಿದ್ದರೆ, ಅಲ್ಲಿ ಫೋಟೊಸ್ ಆ್ಯಪ್‌ನಿಂದ ಅಳಿಸಿದ್ದು ಕ್ಲೌಡ್‌ನಿಂದಲೂ ಹೋಗುತ್ತದೆ, ಹೊಸ ಫೋನಿನ ಫೋಟೊಸ್ ಆ್ಯಪ್‌ನಿಂದಲೂ ಹೋಗುತ್ತದೆ. ಕಾಂಟ್ಯಾಕ್ಟ್ ಕೂಡ ಹಾಗೇ. ಐಕ್ಲೌಡ್‌ನಲ್ಲೂ ಇದೇ ಕಥೆ. ಬ್ಯಾಕಪ್ ಆದ ಫೋಟೊ ಗೂಗಲ್ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಯಾರಾದರೂ ಈಗಾಗಲೇ ಹೀಗೆ ಮಾಡಿದ್ದರೆ ಬೇಗ ಹೋಗಿ ರಿಸ್ಟೋರ್ ಮಾಡಿಕೊಳ್ಳಿ.

ಸರಿಯಾದ ದಾರಿ ಹೀಗಿದೆ. ಮೊದಲು ಮೆಮೊರಿ ಕಾರ್ಡ್ ತೆಗೆಯಿರಿ. ಸಿಮ್ ಟ್ರೇಯಲ್ಲೇ ಅದು ಕೂತಿರುವುದು ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ಕಾರ್ಡನ್ನು ಯಾರಿಗೂ ಕೊಡಬೇಡಿ. ಅದರಿಂದ ಅಳಿಸಿದ್ದನ್ನು ಸುಲಭದ ಸಾಫ್ಟ್‌ವೇರ್‌ನಲ್ಲೇ ವಾಪಸ್ ತೆಗೆಯಬಹುದು. ಎರಡನೆಯದು, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಂದ ಲಾಗೌಟ್. ಮೂರನೆಯದು, ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ಗೂಗಲ್ ಖಾತೆಯನ್ನು 'ರಿಮೂವ್' ಮಾಡುವುದು. ಸ್ಯಾಮ್‌ಸಂಗ್, ಶವೋಮಿ ಖಾತೆ ಇದ್ದರೆ ಅವೂ. ಕೊನೆಯದು ಫ್ಯಾಕ್ಟರಿ ರೀಸೆಟ್. ಒಂದೊಂದು ಕಂಪನಿ ಇದನ್ನು ಒಂದೊಂದು ಕಡೆ ಇಟ್ಟಿರುತ್ತದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ರೀಸೆಟ್' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಸಿಗುತ್ತದೆ.

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, 'ಟ್ರಾನ್ಸ್‌ಫರ್ ಆರ್ ರೀಸೆಟ್', ಆಮೇಲೆ 'ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್'. ಅದು ಆ್ಯಪಲ್ ಪಾಸ್‌ವರ್ಡ್ ಕೇಳಿ ಆಕ್ಟಿವೇಷನ್ ಲಾಕ್ (ಫೋನನ್ನು ನಿಮ್ಮ ಖಾತೆಗೆ ಕಟ್ಟಿಟ್ಟ ಬೀಗ) ತೆಗೆಯುತ್ತದೆ.

ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಹೊಸಬರು ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳಬಹುದು. ಕಳ್ಳರ ಕೈಗೆ ಸಿಕ್ಕ ಫೋನ್ ಉಪಯೋಗಕ್ಕೆ ಬರಬಾರದು ಅಂತ ಆಂಡ್ರಾಯ್ಡ್ 5.1ರಿಂದ ಈ ಬೀಗ ಇದೆ. ಆಗ ಅಂಗಡಿಯವರು ಫೋನ್ ಮಾಡಿ 'ಪಾಸ್‌ವರ್ಡ್ ಹೇಳಿ ಅಣ್ಣ' ಅನ್ನುತ್ತಾರೆ. ಹೇಳಬೇಡಿ. ನೀವೇ ಹೋಗಿ ಟೈಪ್ ಮಾಡಿ, ಖಾತೆ ತೆಗೆದು ಬನ್ನಿ.

ರೀಸೆಟ್ ಮಾಡಿದರೆ ನಿಜವಾಗಿ ಹೋಗುತ್ತಾ? ಆಂಡ್ರಾಯ್ಡ್ 6ರ ನಂತರ ಬಂದ ಹೆಚ್ಚಿನ ಫೋನುಗಳಲ್ಲಿ, ಐಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿಯೇ (ಕೀಲಿ ಇಲ್ಲದೆ ಓದಲಾಗದ ಹಾಗೆ) ಇರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಬೀಗ ಹಾಕಿದ ತಿಜೋರಿಯ ಬೀಗದಕೈಯನ್ನು ಕುಲುಮೆಗೆ ಹಾಕಿ ಕರಗಿಸಿದ ಹಾಗೆ. ಒಳಗೆ ಏನಾದರೂ ಉಳಿದಿದ್ದರೂ ಯಾರೂ ಓದಲಾರರು. ಅದಕ್ಕಿಂತ ಹಳೆಯ ಫೋನಾದರೆ ಮೊದಲು ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ 'ಎನ್‌ಕ್ರಿಪ್ಟ್ ಫೋನ್' ಮಾಡಿ, ಆಮೇಲೆ ರೀಸೆಟ್ ಮಾಡಿ. ಆ ಆಯ್ಕೆ ಇಲ್ಲದಿದ್ದರೆ ರೀಸೆಟ್ ಮಾಡಿ, ಕ್ಯಾಮೆರಾ ಆನ್ ಮಾಡಿ, ಗೋಡೆಯ ವಿಡಿಯೊ ತೆಗೆಯುತ್ತಾ ಮೆಮೊರಿ ಪೂರ್ತಿ ತುಂಬಿಸಿ, ಮತ್ತೆ ರೀಸೆಟ್ ಮಾಡಿ.

ಕೊಡುವಾಗ ರಸೀದಿ ಕೇಳಿ. ಹಳೇ ಫೋನಿನ ಐಎಂಇಐ ನಂಬರ್, ತಾರೀಖು, ಅಂಗಡಿಯ ಸೀಲು ಮೂರೂ ಇರಲಿ. ನಾಳೆ ಆ ಫೋನ್ ಯಾವುದಾದರೂ ಅಪರಾಧದಲ್ಲಿ ಸಿಕ್ಕಿದರೆ ಪೊಲೀಸರು ಐಎಂಇಐ ಹಿಡಿದು ಮೊದಲು ನಿಮ್ಮನ್ನೇ ಕೇಳಬಹುದು.

ಡಿಸ್‌ಪ್ಲೇ ಒಡೆದ ಫೋನ್

ಫೋನ್ ಬದಲಾಯಿಸುವುದೇ ಬಿದ್ದು ಒಡೆದಾಗ ಅಲ್ವಾ? ಟಚ್ ಹೋಗಿ ಚಿತ್ರ ಕಾಣುತ್ತಿದ್ದರೆ ಒಟಿಜಿ ಕನೆಕ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಸಣ್ಣ ತುಂಡು) ಹಾಕಿ ಕಂಪ್ಯೂಟರಿನ ಮೌಸ್ ಚುಚ್ಚಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಬಾಣದ ಗುರುತು ಬಂದು ಕೆಲಸ ನಡೆಯುತ್ತದೆ. ಚಿತ್ರವೂ ಇಲ್ಲ, ಆದರೆ ಇಂಟರ್‌ನೆಟ್ ಇದೆ ಅಂದರೆ ಇನ್ನೊಂದು ಫೋನಿನಿಂದ ಗೂಗಲ್‌ನ ಅಥವಾ ಆ್ಯಪಲ್‌ನ ಫೋನ್ ಹುಡುಕುವ ಸೇವೆಗೆ ಹೋಗಿ 'ಇರೇಸ್' ಕೊಡಬಹುದು. ರಿಪೇರಿಗೆ ಕೊಡುವುದಾದರೆ ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ 'ಮೇಂಟೆನೆನ್ಸ್ ಮೋಡ್', ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ 'ರಿಪೇರಿ ಮೋಡ್' ಇದೆ. ಅದನ್ನು ಆನ್ ಮಾಡಿದರೆ ರಿಪೇರಿಯವರಿಗೆ ನಿಮ್ಮ ಫೋಟೊ, ಮೆಸೇಜು ಕಾಣುವುದಿಲ್ಲ.

ಏನೂ ಮಾಡಲಾಗದ ಫೋನನ್ನು ಗುಜರಿಗೆ ಹಾಕಬೇಡಿ. ಸುತ್ತಿಗೆಯಿಂದ ಹೊಡೆಯಲೂ ಹೋಗಬೇಡಿ, ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹತ್ತಿಕೊಳ್ಳಬಹುದು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಇ-ತ್ಯಾಜ್ಯಕ್ಕೆ ತೆಗೆದುಕೊಳ್ಳುತ್ತಾರಾ ಕೇಳಿ.

ಮನೆಯವರಿಗೇ ಕೊಡುವುದಾದರೆ

ಮಗ ಹೊಸದು ತಗೊಂಡಾಗ ಹಳೇದು ಅಮ್ಮನಿಗೆ ಹೋಗುತ್ತದೆ. ಮನೆಯೊಳಗೇ ತಾನೇ ಅಂತ ರೀಸೆಟ್ ಮಾಡದೆ ಕೊಡುತ್ತಾರೆ. ಆಮೇಲೆ ಮಗನ ಜಿಮೇಲ್‌ನಲ್ಲೇ ಅಮ್ಮನ ಫೋಟೊ, ನಂಬರ್ ಸೇರುತ್ತವೆ. ಅಮ್ಮನಿಗೆ ಬೇಡದ ಒಂದು ಫೋಟೊ ಅಳಿಸಿದರೆ ಮಗನದೂ ಹೋಗುತ್ತದೆ. ಗುರುತಿಲ್ಲದವರು ಕಳಿಸಿದ ಲಿಂಕನ್ನು ಅಮ್ಮ ಒತ್ತಿದರೆ ಅಪಾಯ ಇಬ್ಬರಿಗೂ. ಪೂರ್ತಿ ರೀಸೆಟ್ ಮಾಡಿ, ಅಮ್ಮನ ಹೆಸರಲ್ಲೇ ಖಾತೆ ಮಾಡಿ, ಪಾಸ್‌ವರ್ಡನ್ನು ಅವರ ಡೈರಿಯಲ್ಲೇ ಬರೆದುಕೊಡಿ. ಆ ಫೋನಿಗೆ ಕಂಪನಿ ಇನ್ನೂ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಿದೆಯಾ ನೋಡಿ. ನಿಂತುಹೋಗಿದ್ದರೆ ಅದರಲ್ಲಿ ಬ್ಯಾಂಕ್ ಆ್ಯಪ್ ಹಾಕಿಕೊಡಬೇಡಿ.

ಈಗಾಗಲೇ ಕೊಟ್ಟುಬಿಟ್ಟಿದ್ದರೆ

ರೀಸೆಟ್ ಮಾಡದೆ ಕೊಟ್ಟಾಗಿದ್ದರೂ ಕೈಚೆಲ್ಲಬೇಕಿಲ್ಲ. ಗೂಗಲ್ ಖಾತೆಯ ಸೆಕ್ಯುರಿಟಿಯಲ್ಲಿ 'ಯುವರ್ ಡಿವೈಸಸ್' ತೆರೆಯಿರಿ. ಹಳೇ ಫೋನ್ ಇನ್ನೂ ಅಲ್ಲಿದ್ದರೆ ಮೊದಲು ಫೋನ್ ಹುಡುಕುವ ಸೇವೆಯಿಂದ 'ಇರೇಸ್' ಆದೇಶ ಕೊಡಿ. ಅದು ಇಂಟರ್‌ನೆಟ್‌ಗೆ ಬಂದ ಕೂಡಲೇ ಅಳಿಸಿಕೊಳ್ಳುತ್ತದೆ. ಅದಾದ ಮೇಲೆ ಸೈನ್ ಔಟ್ ಮಾಡಿ. ಈ ಕ್ರಮ ತಿರುಗಿಸಬೇಡಿ, ಮೊದಲೇ ಸೈನ್ ಔಟ್ ಮಾಡಿದರೆ ಅಳಿಸುವ ದಾರಿ ಮುಚ್ಚಿಹೋಗಬಹುದು. ಐಫೋನ್ ಆದರೂ ಹೀಗೇ, ಅಳಿಸಿದ ನಂತರವೇ ಖಾತೆಯಿಂದ ತೆಗೆಯಿರಿ.

ಆಮೇಲೆ ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬದಲಿಸಿ. ಬ್ಯಾಂಕಿಗೆ ಫೋನ್ ಮಾಡಿ ಹಳೇ ಫೋನಿನ ಮೊಬೈಲ್ ಬ್ಯಾಂಕಿಂಗ್ ನೋಂದಣಿ ತೆಗೆಸಿ. ಆಧಾರ್ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ, ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಬಹುದು. ಖಾತೆಯಿಂದ ದುಡ್ಡು ಹೋಗಿದ್ದರೆ, ಅಥವಾ ನಿಮ್ಮ ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸುತ್ತಿದ್ದರೆ, ಒಂದು ನಿಮಿಷವೂ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹತ್ತಿರದ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಹೋಗುವಾಗ ಬಿಲ್ಲು, ಐಎಂಇಐ ನಂಬರ್, ಬ್ಯಾಂಕಿನ ಮೆಸೇಜಿನ ಸ್ಕ್ರೀನ್‌ಶಾಟ್ ಜೊತೆಗಿರಲಿ.